ಒಂದರಿಂದ ಮೂರನೇ ತರಗತಿ: ಸಿಟ್ಟು, ಅಳು, ಜಗಳ, ಗೆಳೆತನ – ಇವನ್ನು ಕಲಿಸುವುದು ಹೇಗೆ?

ಸ್ಲೇಟು_ಬಳಪ

ಎಲ್ಲರಿಗೂ ನಮಸ್ಕಾರ. ನಮ್ಮದು ನಲಿ-ಕಲಿ ಕೋಣೆ, ಅಂದರೆ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಗುಂಪುಗಳಲ್ಲಿ ಕೂತು ಕಾರ್ಡ್‌ಗಳಿಂದ ಕಲಿಯುವ ಸರ್ಕಾರಿ ಶಾಲೆಯ ಕೋಣೆ. ಒಂದರಿಂದ ಮೂರನೇ ತರಗತಿವರೆಗಿನ 28 ಮಕ್ಕಳು, ಶಿಕ್ಷಕಿ ಒಬ್ಬರೇ. ಬಳಪಕ್ಕೆ ಜಗಳ, ಹಾಲಿನ ಸಾಲಲ್ಲಿ ತಳ್ಳಾಟ, ಆಟದಲ್ಲಿ ಸೋತರೆ ಅಳು. ಒಂದಿಬ್ಬರು ಕಚ್ಚುತ್ತಾರೆ. ಒಂದು ಮಗು ಬಾಯೇ ಬಿಡುವುದಿಲ್ಲ.

2022ರ ಬುನಾದಿ ಹಂತದ (3ರಿಂದ 8 ವರ್ಷ) ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಾಮಾಜಿಕ-ಭಾವನಾತ್ಮಕ ಬೆಳವಣಿಗೆಯನ್ನು ಒಂದು ಕ್ಷೇತ್ರವಾಗಿಯೇ ಇಟ್ಟಿದೆ. ಆದರೆ ಸೋಮವಾರ ಬೆಳಿಗ್ಗೆ ಕೋಣೆಯೊಳಗೆ ಕಾಲಿಟ್ಟಾಗ ಏನು ಮಾಡಬೇಕು? ಇದಕ್ಕೆ ಬೇರೆ ಪಿರಿಯಡ್ ಬೇಕೇ? ಜಗಳ ಬಿದ್ದಾಗ ಹೆಜ್ಜೆಗಳೇನು? ದಾಖಲೆ ಹೇಗೆ ಇಡುವುದು? ದಯವಿಟ್ಟು ಕೈಗೆ ಸಿಗುವಂಥ ವಿವರ ಕೊಡಿ.

ತಟ್ಟೆ_ಐದು

ಮೇಡಂ, ಮೊದಲು ಪಿರಿಯಡ್ ವಿಷಯ. ಬೇರೆ ಪಿರಿಯಡ್ ಬೇಡ, ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ 8-10 ನಿಮಿಷ ಸಾಕು. ಎಲ್ಲರೂ ವೃತ್ತವಾಗಿ ಚಾಪೆ ಮೇಲೆ ಕೂರಲಿ. ನೀವೂ ಕೆಳಗೇ ಕೂರಿ, ಕುರ್ಚಿ ಬೇಡ.

ಗೋಡೆಗೆ ನಾಲ್ಕು ಜೇಬಿನ ಒಂದು ಬಟ್ಟೆ ನೇತುಹಾಕಿ: ಖುಷಿ, ಬೇಜಾರು, ಸಿಟ್ಟು, ಹೆದರಿಕೆ. ಹಳೇ ಸೀರೆ ಅಥವಾ ಪಂಚೆಯ ತುಂಡು ಆಗುತ್ತೆ. ಪ್ರತಿ ಜೇಬಿನ ಮೇಲೆ ಆ ಮುಖದ ಚಿತ್ರ ಇರಲಿ, ಒಂದನೇ ತರಗತಿಯವರಿಗೆ ಅಕ್ಷರ ಇನ್ನೂ ಬಂದಿರುವುದಿಲ್ಲ. ಪ್ರತಿ ಮಗುವಿಗೆ ಒಂದು ಹೆಸರಿನ ಚೀಟಿ, ಅದರ ಮೇಲೆ ಮಗು ತಾನೇ ಬರೆದ ಗುರುತು: ಹೂವು, ಮೀನು, ಏನಾದರೂ. ಮಗು ಒಳಗೆ ಬರುವಾಗಲೇ ಚೀಟಿಯನ್ನು ಯಾವುದಾದರೂ ಜೇಬಿಗೆ ಹಾಕಿ ಬಂದು ಕೂರಬೇಕು.

ಎರಡೇ ವಾರದಲ್ಲಿ 28 ಚೀಟಿಯೂ ಖುಷಿ ಜೇಬಿನಲ್ಲೇ ಇರುತ್ತವೆ. ಹೀಗಾಗಲು ಎರಡು ಕಾರಣ. ಖುಷಿ ಜೇಬಿಗೆ ಹಾಕಿದಾಗ ಟೀಚರ್ ಮುಖ ಅರಳುವುದನ್ನು ಮಕ್ಕಳು ನೋಡಿರುತ್ತಾರೆ. ಇನ್ನೊಂದು, ಎಲ್ಲರೂ ಒಟ್ಟಿಗೆ ಹಾಕಿದರೆ ಮೊದಲ ಮಗು ಹಾಕಿದ ಕಡೆಗೇ ಉಳಿದವರೂ ಹಾಕುತ್ತಾರೆ. ಅದಕ್ಕೇ ಒಬ್ಬೊಬ್ಬರಾಗಿ ಬರುವಾಗ ಹಾಕಿಸಬೇಕು. ನಿಮ್ಮ ಹೆಸರಿನ ಚೀಟಿಯೂ ಒಂದಿರಲಿ. ವಾರಕ್ಕೊಮ್ಮೆ ಅದನ್ನು ಬೇಜಾರಿಗೋ ಹೆದರಿಕೆಗೋ ಹಾಕಿ, ಸಣ್ಣ ಕಾರಣ ಹೇಳಿ: "ಮಳೆ ಬರೋ ಹಾಗಿದೆ, ಛತ್ರಿ ಮರೆತುಬಂದೆ, ಮನಸ್ಸಿಗೆ ಕಸಿವಿಸಿ." ಮನೆಯ ದೊಡ್ಡ ಕಷ್ಟಗಳನ್ನು ಹೇಳಬೇಡಿ. ಆರು ವರ್ಷದ ಮಗು ಅದನ್ನು ಹೊತ್ತುಕೊಂಡು ಮನೆಗೆ ಹೋಗುತ್ತೆ.

ಸಿಟ್ಟು ಅಥವಾ ಹೆದರಿಕೆ ಜೇಬಿನಲ್ಲಿ ಚೀಟಿ ಕಂಡರೆ ಎಲ್ಲರೆದುರು "ಯಾಕೆ?" ಅಂತ ಕೇಳಬೇಡಿ. ಆಮೇಲೆ ಆ ಮಗು ತನ್ನ ತಟ್ಟೆಯಲ್ಲಿ (ನಲಿ-ಕಲಿಯಲ್ಲಿ ಮಕ್ಕಳು ಕೂರುವ ಗುಂಪಿಗೆ ತಟ್ಟೆ ಅಂತಾರೆ) ಕೆಲಸ ಮಾಡುವಾಗ ಪಕ್ಕದಲ್ಲಿ ಕೂತು, "ಬೆಳಿಗ್ಗೆ ನಿನ್ನ ಚೀಟಿ ನೋಡಿದೆ" ಅಂತ ಹೇಳಿ ಸುಮ್ಮನಿರಿ. ಹೇಳಬೇಕು ಅನ್ನಿಸಿದರೆ ಹೇಳುತ್ತೆ.

ವೃತ್ತದಲ್ಲಿ ದಿನಾ 28 ಮಕ್ಕಳೂ ಮಾತಾಡಲು ಹೋದರೆ ಅರ್ಧ ಗಂಟೆ ಆಗುತ್ತೆ, ಹತ್ತನೇ ಮಗುವಿನ ಹೊತ್ತಿಗೆ ಗಲಾಟೆ ಶುರು. ದಿನಕ್ಕೆ 6 ಮಕ್ಕಳು, ಸರದಿ ಪ್ರಕಾರ. "ಪಾಸ್" ಅನ್ನುವ ಹಕ್ಕು ಎಲ್ಲರಿಗೂ ಇರಲಿ.

ಕ್ಲಸ್ಟರ್_ಕೆಲಸ

ಬೇರೆ ಪಿರಿಯಡ್ ಬೇಡವೇ ಬೇಡ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ನರ್ಸರಿಯಿಂದ ಎಂಟನೇ ತರಗತಿವರೆಗೆ ಇದಕ್ಕೆಂದೇ ಬೇರೆ ಪಿರಿಯಡ್ ಇಟ್ಟರು. ವೇಳಾಪಟ್ಟಿಯಲ್ಲಿ ಜಾಗ ಇಲ್ಲದ ಕೆಲಸ ಪರೀಕ್ಷೆ, ತಪಾಸಣೆ ಹತ್ತಿರ ಬಂದಾಗ ಮೊದಲು ಹಾರಿಹೋಗುತ್ತೆ ಅನ್ನುವ ವಾದದಲ್ಲಿ ಹುರುಳಿದೆ. ಆ ಬೆಳಗಿನ 10 ನಿಮಿಷವನ್ನಾದರೂ ವೇಳಾಪಟ್ಟಿಯಲ್ಲಿ ಬರೆದೇ ಇಡಿ. ಬರೆಯದಿದ್ದರೆ ಅದು ಹಾಜರಿ ಕರೆಯುವ ಸಮಯವಾಗಿಬಿಡುತ್ತೆ.

ಹಾಗೇ, ಅಮೆರಿಕದಲ್ಲಿ 1994ರಲ್ಲಿ ಶುರುವಾದ ಕ್ಯಾಸೆಲ್ ಸಂಸ್ಥೆ ಹೇಳುವ ಸಾಮಾಜಿಕ-ಭಾವನಾತ್ಮಕ ಕಲಿಕೆಯ ಐದು ಅಂಶಗಳನ್ನು ತರಬೇತಿಗಳಲ್ಲಿ ಹೇಳುತ್ತಾರೆ: ತನ್ನನ್ನು ತಾನು ಅರಿಯುವುದು, ತನ್ನನ್ನು ನಿಭಾಯಿಸುವುದು, ಇತರರನ್ನು ಅರಿಯುವುದು, ಸಂಬಂಧ ಬೆಳೆಸುವುದು, ಯೋಚಿಸಿ ನಿರ್ಧರಿಸುವುದು. ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದರೆ ಏನೂ ಆಗುವುದಿಲ್ಲ. ಆರು ವರ್ಷದವರಿಗೆ ಮೊದಲ ಎರಡರಲ್ಲೇ ಬೇಕಾದಷ್ಟು ಕೆಲಸ ಇದೆ.

ಹುಬ್ಬಳ್ಳಿ_ಮಾಸ್ತರ

ನಾಲ್ಕು ಜೇಬು ಶುರುವಿಗೆ ಛಲೋ, ಆದರ ಅಲ್ಲೇ ನಿಲ್ಲಬ್ಯಾಡ್ರಿ. ನಮ್ಮ ಮಾತಿನಾಗ ಇದಕ್ಕ ಎಷ್ಟು ಶಬ್ದ ಅದಾವ ನೋಡ್ರಿ: ಅಂಜಿಕಿ, ದಿಗಿಲು, ಗಾಬರಿ, ಬ್ಯಾಸರ, ಸಂಕಟ, ಕಸಿವಿಸಿ, ಅಳುಕು, ನಾಚಿಕಿ, ಹಿಗ್ಗು. ವಾರಕ್ಕ ಒಂದು ಶಬ್ದ ಹಿಡೀರಿ. ಸೋಮವಾರ ಕಡ್ಡಿ ಗೊಂಬಿ ಹಿಡಿದು ಎರಡು ನಿಮಿಷದ ಪ್ರಸಂಗ ಮಾಡಿ ತೋರಸ್ರಿ, ಉಳಿದ ದಿನ ಆ ಶಬ್ದ ಬಳಸೋ ಸಂದರ್ಭ ಬಂದಾಗ ಬಿಡದ ಬಳಸ್ರಿ.

ಇನ್ನೊಂದು, ಕನ್ನಡದಾಗ ಭಾವನೆ ಮೈಯಾಗ ಇರ್ತದ. ಎದಿ ಡವಡವ, ಗಂಟಲು ಕಟ್ಟಿ ಬರೋದು, ಕೈಕಾಲು ತಣ್ಣಗಾಗೋದು, ಮೈ ಉರಿಯೋದು, ಮಾರಿ ಊದಿಸಿಕೊಳ್ಳೋದು. ಸಣ್ಣ ಹುಡುಗರಿಗೆ "ನಿನಗ ಏನ ಅನಸ್ತದ?" ಅಂತ ಕೇಳಿದ್ರ ಉತ್ತರ ಬರಂಗಿಲ್ಲ. "ಮೈಯಾಗ ಎಲ್ಲಿ ಗೊತ್ತಾತು?" ಅಂತ ಕೇಳ್ರಿ, ಕೈ ಇಟ್ಟು ತೋರಸ್ತಾವ. ನೆಲದ ಮ್ಯಾಲೆ ಸೀಮೆಸುಣ್ಣದಲೆ ಒಂದು ಮಗುವಿನ ಆಕಾರ ಬರೀರಿ, ಸಿಟ್ಟು ಬಂದಾಗ ಎಲ್ಲಿ ಬಿಸಿ ಆಗ್ತದ ಅಲ್ಲಿ ಕೆಂಪು ಕಲ್ಲು ಇಡಸ್ರಿ, ಅಂಜಿದಾಗ ಎಲ್ಲಿ ತಣ್ಣಗ ಆಗ್ತದ ಅಲ್ಲಿ ಬಿಳಿ ಕಲ್ಲು. ಸಿಟ್ಟು ಕೈಗೆ ಇಳಿಯೋಕಿಂತ ಮೊದಲ ಹೊಟ್ಟಿಯಾಗೋ ಕಿವಿಯಾಗೋ ಸುರು ಆಗ್ತದ ಅಂತ ಗೊತ್ತಾದ ಹುಡುಗಗ ಹೊಡಿಯೋಕಿಂತ ಮೊದಲ ನಿಲ್ಲೋಕೆ ಒಂದು ಜಾಗ ಸಿಗ್ತದ.

ಕರಾವಳಿ_ಟೀಚರ್

ಮಾಸ್ತರರ ಮಾತಿಗೆ ಎರಡು ಸೇರಿಸುತ್ತೇನೆ.

ಸಿಟ್ಟು ಬೇರೆ, ಮುನಿಸು ಬೇರೆ. ಸಿಟ್ಟು ಯಾರ ಮೇಲಾದರೂ ಬರುತ್ತದೆ. ಮುನಿಸು ಬರುವುದು ತನ್ನವರ ಮೇಲೆ ಮಾತ್ರ, ಅವರು ಬಂದು ಮಾತಾಡಿಸಲಿ ಎಂಬ ಆಸೆ ಅದರ ಒಳಗೇ ಇರುತ್ತದೆ. ಸಿಟ್ಟಿನ ಮಗುವಿಗೆ ಸ್ವಲ್ಪ ದೂರ, ಸ್ವಲ್ಪ ಹೊತ್ತು ಬೇಕು. ಮುನಿಸಿಕೊಂಡ ಮಗುವನ್ನು ದೂರ ಬಿಟ್ಟರೆ ಮುನಿಸು ಬೆಳೆಯುತ್ತದೆ, ಅದರ ಹತ್ತಿರ ಹೋಗಬೇಕು. "ಟೂ ಬಿಟ್ಟಿದ್ದೀಯಾ?" ಎಂದು ಕೇಳಿದರೆ ಅರ್ಧ ಕೆಲಸ ಆದಂತೆ. ಇವೆರಡನ್ನೂ "ಕೋಪ" ಎಂಬ ಒಂದೇ ಜೇಬಿಗೆ ಹಾಕಿದರೆ ಟೀಚರೂ ತಪ್ಪು ಔಷಧ ಕೊಡುತ್ತಾರೆ.

ಎರಡನೆಯದು, ಮನೆಮಾತು. ಈ ಕೋಣೆಗಳಲ್ಲಿ ಎಲ್ಲರ ಮನೆಮಾತು ಕನ್ನಡ ಅಲ್ಲ. ಅಳುವ ಮಗುವಿಗೆ ಶಾಲೆಯ ಭಾಷೆ ಬಾಯಿಗೆ ಬರುವುದಿಲ್ಲ. ಜೇಬಿನ ಮೇಲೆ ಕನ್ನಡದ ಜೊತೆ ಮಕ್ಕಳ ಮನೆಯ ಶಬ್ದವನ್ನೂ ಕನ್ನಡ ಅಕ್ಷರದಲ್ಲೇ ಬರೆಯಿರಿ. ಹೆದರಿಕೆಗೆ ತುಳುವಿನಲ್ಲಿ ಪೋಡಿಗೆ, ಉರ್ದು ಮನೆಯಲ್ಲಿ ಡರ್, ತೆಲುಗು ಮನೆಯಲ್ಲಿ ಭಯಂ. ಲಂಬಾಣಿ ಮಕ್ಕಳಿದ್ದರೆ ಅವರ ಅಮ್ಮಂದಿರನ್ನು ಕೇಳಿ ಬರೆಯಿರಿ. ಮಕ್ಕಳೇ ಹೇಳಿಕೊಟ್ಟರೆ ಇನ್ನೂ ಒಳ್ಳೆಯದು, ಅವತ್ತು ಆ ಮಗುವೇ ಟೀಚರ್.

ಹೊಸಬರು_22

ಜಗಳ ಬಿದ್ದಾಗ ಇಬ್ಬರನ್ನೂ ನಿಲ್ಲಿಸಿ ಸಾರಿ ಹೇಳಿಸಿ, ಕೈ ಕುಲುಕಿಸಿದರೆ ಸಾಲದೇ? ಅದಕ್ಕಿಂತ ಹೆಚ್ಚಿಗೆ ಸಮಯ ಎಲ್ಲಿದೆ?

ತಟ್ಟೆ_ಐದು

ಸಾಲದು ಸರ್. ಬಲವಂತದ ಸಾರಿಯಿಂದ ಮಗು ಕಲಿಯುವುದು ಒಂದೇ: ಹೊಡೆದು ಸಾರಿ ಅಂದರೆ ಲೆಕ್ಕ ಚುಕ್ತಾ. ಸ್ವಲ್ಪ ದಿನ ನೋಡಿ, ಹೊಡೆಯುತ್ತಲೇ ಸಾರಿ ಅಂದುಬಿಡುವ ಮಕ್ಕಳು ಸಿಗುತ್ತಾರೆ. ಏಟು ತಿಂದ ಮಗುವಿಗೆ ಇನ್ನೂ ಅನ್ಯಾಯ, ಅದು ಒಪ್ಪಲೇಬೇಕಾಗುತ್ತೆ.

ಕ್ರಮ ಹೀಗಿರಲಿ.

ಮೊದಲು ಇಬ್ಬರ ನಡುವೆ ನಿಮ್ಮ ಮೈ ಬರಲಿ. ಕೂಗಬೇಡಿ. ಮಂಡಿಯೂರಿ ಕೂತು ತಗ್ಗಿದ ದನಿಯಲ್ಲಿ, "ಹೊಡೆಯೋಕೆ ಬಿಡಲ್ಲ" ಅಷ್ಟೇ ಹೇಳಿ.

ಆಮೇಲೆ ಏಟು ತಿಂದ ಮಗುವಿನ ಕಡೆ ತಿರುಗಿ. ಬಹಳ ಜನ ಹೊಡೆದವನನ್ನು ಮೊದಲು ಬೈಯುತ್ತಾರೆ, ನೊಂದವರು ಹಾಗೇ ನಿಂತಿರುತ್ತಾರೆ. ನೀರು ಕೊಡಿ, ಪೆಟ್ಟು ನೋಡಿ. ಹೊಡೆದ ಮಗುವಿಗೆ, "ನಿನ್ನ ಹತ್ತಿರಾನೂ ಬರ್ತೀನಿ" ಅಂತ ಹೇಳಿ.

ಇಬ್ಬರ ಉಸಿರೂ ಸಮಕ್ಕೆ ಬರುವವರೆಗೆ ಮಾತು ಬೇಡ. ಇದಕ್ಕೆ 3 ನಿಮಿಷವೂ ಆಗಬಹುದು, 15 ನಿಮಿಷವೂ ಆಗಬಹುದು. ಬಿಕ್ಕುತ್ತಿರುವ ಮಗುವಿನ ಕೈಲಿ ನ್ಯಾಯ ಹೇಳಿಸಲು ಹೋದರೆ ಎರಡನೇ ಜಗಳ ಶುರುವಾಗುತ್ತೆ.

ಆಮೇಲೆ ಮಾತಿನ ಕಲ್ಲು. ಹೊಳೆಯ ನುಣುಪು ಕಲ್ಲು ಒಂದು, ಎರಡೂ ಕೈಯಲ್ಲಿ ಹಿಡಿಯುವಷ್ಟು ದೊಡ್ಡದು. ಚಿಕ್ಕದಿದ್ದರೆ ಎಸೆಯುತ್ತಾರೆ. ಕೈ ಎರಡೂ ಕಲ್ಲಿನ ಮೇಲಿರುವುದರಿಂದ ತಳ್ಳಲೂ ಆಗುವುದಿಲ್ಲ. ಕಲ್ಲು ಹಿಡಿದವರು ಮಾತ್ರ ಮಾತಾಡಬೇಕು, ಇನ್ನೊಬ್ಬರು ಕೇಳಬೇಕು. "ಯಾಕೆ ಹೊಡೆದೆ?" ಅನ್ನಬೇಡಿ. ಆರು ವರ್ಷದ ಮಗುವಿಗೆ ಆ ಯಾಕೆ ಗೊತ್ತಿಲ್ಲ, ಅದಕ್ಕೆ ಆ ಪ್ರಶ್ನೆ ಬೈಗುಳವಾಗಿಯೇ ಕೇಳಿಸುತ್ತೆ. "ಏನಾಯ್ತು?" ಅನ್ನಿ. ಒಂದೊಂದು ವಾಕ್ಯ ಸಾಕು. ಹೇಳಲು ಬಾರದಿದ್ದರೆ ನೀವು ಮಾತು ಕೊಡಿ: "ಬಳಪ ನಿನ್ನ ಕೈಲಿತ್ತು, ಕೇಳದೆ ಎಳೆದ್ರು, ಅಲ್ವಾ?"

ಕೊನೆಗೆ, "ಈಗ ಏನು ಮಾಡಿದ್ರೆ ಸರಿಹೋಗುತ್ತೆ?" ನೊಂದ ಮಗುವನ್ನೇ ಮೊದಲು ಕೇಳಿ. ಉತ್ತರ ಕೆಲಸವಾಗಿರಲಿ: ಮುರಿದ ಬಳಪಕ್ಕೆ ತನ್ನ ಬಳಪದಲ್ಲಿ ಅರ್ಧ, ಹರಿದ ಹಾಳೆಗೆ ಗೋಂದು, ಚೆಲ್ಲಿದ ನೀರಿಗೆ ಬಟ್ಟೆ, ಆಟದಲ್ಲಿ ಮುಂದಿನ ಸರದಿ. ಏನೂ ಬೇಡ ಅಂದರೆ ಅದೂ ಉತ್ತರವೇ. ಸಾರಿ ತಾನಾಗಿ ಬಂದರೆ ಬರಲಿ.

ಹತ್ತು ನಿಮಿಷ ಬಿಟ್ಟು ಇಬ್ಬರ ಹತ್ತಿರವೂ ಹೋಗಿ ಒಂದು ಸಲ ನೋಡಿ ಬನ್ನಿ. ಬಹಳ ಜನ ಬಿಡುವುದು ಈ ಹೆಜ್ಜೆಯನ್ನೇ.

ಮಾತುಕತೆಗೆ 3-4 ನಿಮಿಷ ಹಿಡಿಯುತ್ತೆ. ಮೊದಲ ತಿಂಗಳು ದಿನಕ್ಕೆ ನಾಲ್ಕೈದು ಸಲ ಬೇಕಾಗಬಹುದು, ಬೇಸರ ಮಾಡಿಕೊಳ್ಳಬೇಡಿ. ಶಾಲಾ ವರ್ಷದ ಎರಡನೇ ಅವಧಿಗೆ ಮಕ್ಕಳೇ ಹೋಗಿ ಕಲ್ಲು ತೆಗೆದುಕೊಳ್ಳುತ್ತಾರೆ.

ಆಪ್ತಸಲಹೆ

ಮೇಲಿನ ಕ್ರಮ ತುಂಬ ಚೆನ್ನಾಗಿದೆ. ಆದರೆ ಅದನ್ನು ಎಲ್ಲಿ ಬಳಸಬಾರದು ಅನ್ನುವುದನ್ನೂ ಹೇಳಲೇಬೇಕು.

ಸಮಬಲದ ಇಬ್ಬರು ಒಂದು ಬಳಪಕ್ಕೆ ಕಿತ್ತಾಡಿದರೆ ಅದು ಜಗಳ, ಮಾತಿನ ಕಲ್ಲು ಸರಿ. ಒಂದೇ ಮಗುವನ್ನು ಮತ್ತೆ ಮತ್ತೆ, ದೊಡ್ಡವರೋ ಗುಂಪೋ ಸೇರಿ ಕಾಡಿದರೆ ಅದು ಪೀಡನೆ. ಅಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ "ಏನಾಯ್ತು ಹೇಳಿ" ಅಂದರೆ ನೊಂದ ಮಗು ತನ್ನನ್ನು ಕಾಡುವವರ ಮುಂದೆಯೇ ಸಾಕ್ಷಿ ಹೇಳಬೇಕಾಗುತ್ತದೆ. ಹೇಳುವುದಿಲ್ಲ. ಹೇಳಿದರೆ ಸಂಜೆ ದಾರಿಯಲ್ಲಿ ಅದಕ್ಕೆ ಬೆಲೆ ತೆರುತ್ತದೆ. ಇಂಥ ಕಡೆ ದೊಡ್ಡವರು ನೇರವಾಗಿ ನಿಲ್ಲಿಸಬೇಕು. ಇಬ್ಬರೊಂದಿಗೂ ಬೇರೆ ಬೇರೆ ಮಾತಾಡಿ, ಕೂರುವ ಜಾಗ, ಆಟದ ಸಮಯ, ಮನೆಗೆ ಹೋಗುವ ಜೊತೆ ಎಲ್ಲವನ್ನೂ ಬದಲಿಸಿ ನೋಡಬೇಕು.

ಜಾತಿ ಹೆಸರು ಹಿಡಿದು ಕರೆಯುವುದು, ಮೈಬಣ್ಣ, ಮೆಳ್ಳಗಣ್ಣು, ತೊದಲು ಹಿಡಿದು ಅಡ್ಡಹೆಸರು ಇಡುವುದು, ಬಿಸಿಯೂಟಕ್ಕೆ ಒಬ್ಬರ ಪಕ್ಕ ಕೂರುವುದಿಲ್ಲ ಅನ್ನುವುದು, ಇವು ಮಕ್ಕಳ ಸಣ್ಣ ಜಗಳಗಳಲ್ಲ. ಏಳು ವರ್ಷದ ಮಗು ಅದನ್ನು ಮನೆಯಿಂದ, ಬೀದಿಯಿಂದ ತಂದಿರುತ್ತದೆ, ಅದರ ಅರ್ಥ ಪೂರ್ತಿ ಗೊತ್ತಿರುವುದಿಲ್ಲ. ಆದ್ದರಿಂದ ಮಗುವನ್ನು ಅವಮಾನಿಸಬೇಡಿ, ಆದರೆ ಮಾತನ್ನು ಅಲ್ಲೇ, ಆಗಲೇ, ಎಲ್ಲರಿಗೂ ಕೇಳುವಂತೆ ನಿಲ್ಲಿಸಿ: "ಈ ಕೋಣೆಯಲ್ಲಿ ಯಾರನ್ನೂ ಹಾಗೆ ಕರೆಯೋದಿಲ್ಲ. ಅವಳಿಗೆ ಹೆಸರಿದೆ." ಊಟದ ಸಾಲಲ್ಲಿ ಇಷ್ಟಬಂದವರ ಪಕ್ಕ ಕೂರುವುದನ್ನು ಬಿಟ್ಟು ದಿನಾ ಬದಲಾಗುವ ಜಾಗ ಮಾಡಿ: ಬಣ್ಣದ ಚೀಟಿ ಎತ್ತಿ, ಬಂದ ಬಣ್ಣದ ಸಾಲಿಗೆ ಕೂರುವುದು. ಯಾರ ಪಕ್ಕ ಯಾರು ಅನ್ನುವ ಆಯ್ಕೆಯೇ ಇಲ್ಲದಿದ್ದರೆ ಹೊರಗಿಡಲು ದಾರಿ ಇರುವುದಿಲ್ಲ. ಸಹಾನುಭೂತಿ ಅಂದರೆ ಮುಖದ ಚಿತ್ರಕ್ಕೆ ಹೆಸರು ಹೇಳುವುದು ಅಂದುಕೊಂಡು ಇದನ್ನು ಬಿಟ್ಟುಬಿಟ್ಟರೆ ನಾವು ಮಾಡುವ ಉಳಿದೆಲ್ಲ ಕೆಲಸ ಪೊಳ್ಳು.

ಹೊಸಬರು_22

ಸರಿ, ಇದು ನನಗೆ ಹೊಳೆದಿರಲಿಲ್ಲ. ಆದರೂ ಸಮಯದ ಪ್ರಶ್ನೆ ಹಾಗೇ ಇದೆ. ಓದು, ಲೆಕ್ಕದ ಗುರಿಗಳು ಕುತ್ತಿಗೆ ಮೇಲಿವೆ.

ತಟ್ಟೆ_ಐದು

ಸರ್, ನಲಿ-ಕಲಿ ಪದ್ಧತಿಯನ್ನೇ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗಿನಿಂದ ಅದರ ಬೆನ್ನೆಲುಬೇ ಗುಂಪು. ಐದು ತಟ್ಟೆಗಳಲ್ಲಿ ಎರಡರಲ್ಲಿ ಮಗು ಕಲಿಯುವುದು ಸಹಪಾಠಿಯ ಬೆಂಬಲದಿಂದ. ಸಹಾಯ ಕೇಳುವುದು, ಸಹಾಯ ಮಾಡುವುದು, ಕಾಯುವುದು ಬಾರದಿದ್ದರೆ ಆ ಎರಡು ತಟ್ಟೆ ನಡೆಯುವುದೇ ಇಲ್ಲ. ಎಲ್ಲರೂ ಎದ್ದು ಶಿಕ್ಷಕರ ತಟ್ಟೆಗೇ ಬರುತ್ತಾರೆ. ಅಲ್ಲಿಗೆ ಓದೂ ನಿಂತಿತು.

ಅದಕ್ಕೇ ಸಹಾಯ ಮಾಡುವುದನ್ನು ಓದು ಕಲಿಸುವಷ್ಟೇ ಬಿಡಿಸಿ ಕಲಿಸಿ. ಮೂರನೇ ತರಗತಿಯ ಹುಡುಗಿಯನ್ನು ಎರಡನೆಯವನ ಪಕ್ಕ ಕೂರಿಸಿ "ಹೇಳಿಕೊಡು" ಅಂದರೆ ಅವಳು ಕಾರ್ಡ್ ಎಳೆದುಕೊಂಡು ತಾನೇ ಉತ್ತರ ಬರೆದುಕೊಡುತ್ತಾಳೆ. ನಿಯಮ ಒಂದೇ: ಸಹಾಯ ಮಾಡುವವರ ಕೈ ಬೆನ್ನ ಹಿಂದೆ. ಬಾಯಲ್ಲಿ ಹೇಳಬಹುದು, ಬಳಪ ಮುಟ್ಟುವಂತಿಲ್ಲ. ಹೇಳಬೇಕಾದ ಮೂರು ಮಾತು: "ನಿನಗೆ ಎಲ್ಲಿವರೆಗೆ ಬಂತು?", "ಇದನ್ನ ಜೋರಾಗಿ ಓದು", "ಇದರಂಥದ್ದು ಮೊದಲು ಎಲ್ಲಿ ನೋಡಿದ್ವಿ?" ಕಲಿಯುವವರಿಗೆ ಎರಡು: "ನನಗೆ ಇಲ್ಲಿ ಗೊತ್ತಾಗ್ಲಿಲ್ಲ", "ಸಾಕು, ಈಗ ನಾನೇ ಮಾಡ್ತೀನಿ." ಈ ಕೊನೆಯ ಮಾತನ್ನು ಅಭ್ಯಾಸ ಮಾಡಿಸದಿದ್ದರೆ ಚಿಕ್ಕವರು ದೊಡ್ಡವರ ಕೈಕೆಳಗೆ ಸೋತುಹೋಗುತ್ತಾರೆ. ನೀವು ಮತ್ತು ಒಂದು ಮಗು ಸೇರಿ ಇಡೀ ಕೋಣೆಯ ಮುಂದೆ ಮಾಡಿ ತೋರಿಸಿ, ಮೊದಲು ತಪ್ಪಾಗಿ, ಆಮೇಲೆ ಸರಿಯಾಗಿ. ತಪ್ಪಾಗಿ ಮಾಡಿದ್ದನ್ನು ಮಕ್ಕಳೇ ತಿದ್ದಲಿ. ವಾರಕ್ಕೆ ಎರಡು ಸಲ, ಐದೈದು ನಿಮಿಷ, ಒಂದು ತಿಂಗಳು.

ಇಲ್ಲಿ ಕಳೆದ ಸಮಯ ತಟ್ಟೆಗಳಲ್ಲೇ ವಾಪಸ್ ಬರುತ್ತೆ.

ಹುಬ್ಬಳ್ಳಿ_ಮಾಸ್ತರ

ಆಟದ ಮಾತು ಯಾರೂ ಎತ್ತಲೇ ಇಲ್ಲಲ್ರಿ. ಕೆರೆ-ದಡ ಆಡಸ್ರಿ, ಖರ್ಚು ಒಂದು ಸೀಮೆಸುಣ್ಣ.

ಗೆರಿ ಎಳೀರಿ, ಒಂದು ಕಡೆ ಕೆರಿ, ಇನ್ನೊಂದು ಕಡೆ ದಡ. ಕೆರೆ ಅಂದ್ರ ಒಳಗ ಜಿಗಿಬೇಕು, ದಡ ಅಂದ್ರ ಹೊರಗ. ಒಂದು ವಾರ ಇಷ್ಟ. ಎರಡನೇ ವಾರ ಒಂದೇ ಶಬ್ದ ಎರಡು ಸಲ ಹೇಳ್ರಿ, ಜಿಗಿಬಾರದು ಅಂತ ಮೈ ಹಿಡಿದು ನಿಲ್ಲಬೇಕು. ಮೂರನೇ ವಾರ ತಿರುಗಾಮುರುಗಾ: ಕೆರೆ ಅಂದ್ರ ದಡಕ್ಕ, ದಡ ಅಂದ್ರ ಕೆರಿಗೆ. ಮೈ ಒಂದು ಕಡೆ ಎಳೀತದ, ತಲಿ ಇನ್ನೊಂದು ಹೇಳ್ತದ, ಆ ಕ್ಷಣಕ್ಕ ನಿಲ್ಲೋದನ್ನ ಕಲಿಯೋದ ಈ ಆಟ. ಹೊಡಿಯಾಕ ಎತ್ತಿದ ಕೈ ನಿಲ್ಲಸೋದೂ ಇದ ಶಕ್ತಿ. ದಿನಕ್ಕ 5 ನಿಮಿಷ ಸಾಕು.

ಒಂದು ತಪ್ಪು ಮಾತ್ರ ಮಾಡಬ್ಯಾಡ್ರಿ. ನಾವು ಸಣ್ಣೋರಿದ್ದಾಗ ತಪ್ಪಿದವರು ಔಟು, ಬದಿಗೆ ಕೂಡಬೇಕು. ಹಂಗ ಮಾಡಿದ್ರ ಯಾರಿಗೆ ಈ ಅಭ್ಯಾಸ ಹೆಚ್ಚು ಬೇಕೋ ಅವರ ಮೊದಲನೇ ನಿಮಿಷಕ್ಕ ಹೊರಗ ಹೋಗ್ತಾರ, ಉಳಿದ ನಾಲ್ಕು ನಿಮಿಷ ಆಗಲೇ ಬಲ್ಲವರಿಗೆ ಅಭ್ಯಾಸ. ತಪ್ಪಿದವರು ಒಂದು ಸಲ ಸುತ್ತು ಹೊಡದು ವಾಪಸ್ ಬರಲಿ.

ಸೋಲೋದನ್ನ ಕಲಿಸೋಕೆ ಚೌಕಾಬಾರ ಛಲೋ. ಕವಡಿ ಎಲ್ಲಾರನ್ನೂ ಸೋಲಸ್ತಾವ, ಜಾಣರನ್ನೂ. ಇಬ್ಬಿಬ್ಬರ ಜೋಡಿ ಮಾಡ್ರಿ, ಸೋತಾಗ ಸಂಕಟ ಹಂಚಿಕೊಳ್ಳಾಕ ಒಬ್ಬರು ಇರ್ತಾರ. ಕಾಯಿ ಕಡಿಸಿಕೊಂಡಾಗ ಏನು ಅನ್ನಬೇಕು ಅಂತ ಆಟಕ್ಕ ಮೊದಲ ಹೇಳಿಕೊಡ್ರಿ: "ಇರಲಿ, ಮತ್ತ ಬರ್ತೀನಿ."

ಸ್ಲೇಟು_ಬಳಪ

ಬಹಳ ಉಪಯೋಗ ಆಗ್ತಿದೆ. ಕಚ್ಚುವ, ಚೀರಾಡುವ ಮಕ್ಕಳಿಗೆ ಉಸಿರಾಟದ ಅಭ್ಯಾಸ ಮಾಡಿಸಿ, ಮೂಲೆಯಲ್ಲಿ ಕೂರಿಸಿ ಅನ್ನುತ್ತಾರೆ. ಅದರ ಬಗ್ಗೆ?

ಆಪ್ತಸಲಹೆ

ಎರಡೂ ಸರಿ, ಎರಡನ್ನೂ ಸಾಮಾನ್ಯವಾಗಿ ತಪ್ಪಾಗಿ ಮಾಡುತ್ತಾರೆ.

ಉಸಿರು: ಸಿಟ್ಟು ನೆತ್ತಿಗೇರಿದ ಮಗುವಿಗೆ "ದೀರ್ಘವಾಗಿ ಉಸಿರಾಡು" ಅಂದರೆ ಪ್ರಯೋಜನವಿಲ್ಲ. ಈಜು ಬಾರದವರಿಗೆ ಹೊಳೆಯ ನಡುವೆ ಕೈಕಾಲು ಆಡಿಸು ಅಂದಂತೆ. ಎಲ್ಲರೂ ಶಾಂತವಾಗಿರುವಾಗ, ಊಟಕ್ಕೆ ಮೊದಲು ದಿನಾ ಐದು ಸಲ ಮಾಡಿಸಿ. ಮಕ್ಕಳಿಗೆ ಅರ್ಥವಾಗುವುದು ಹೀಗೆ: "ಕೈಯಲ್ಲಿ ಬಿಸಿ ಸಾರಿನ ಬಟ್ಟಲಿದೆ. ಮೂಗಲ್ಲಿ ಘಮ ಎಳೆದುಕೋ, ಒಂದು, ಎರಡು, ಮೂರು. ಈಗ ಆರಿಸೋಕೆ ಮೆಲ್ಲಗೆ ಊದು, ಒಂದು, ಎರಡು, ಮೂರು, ನಾಲ್ಕು, ಐದು. ಚೆಲ್ಲಬಾರದು." ಬಿಡುವ ಉಸಿರು ಎಳೆಯುವುದಕ್ಕಿಂತ ಉದ್ದವಿರಬೇಕು, ಎದೆಬಡಿತ ಇಳಿಯುವುದು ಅದರಿಂದ. ಮೂರು ವಾರ ಅಭ್ಯಾಸವಾದ ಮೇಲೆ ಸಿಟ್ಟಿನ ಹೊತ್ತಲ್ಲಿ ಮಾತೂ ಬೇಡ, ನೀವು ಅಂಗೈ ಬಟ್ಟಲು ಮಾಡಿ ಊದಿ ತೋರಿಸಿ.

ಮೂಲೆ: ಅದು ಶಿಕ್ಷೆಯ ಮೂಲೆ ಆಗಬಾರದು. "ಹೋಗು, ಅಲ್ಲಿ ಕೂತ್ಕೋ" ಅಂತ ಒಂದು ಸಲ ಕಳಿಸಿದಿರೋ, ಅಲ್ಲಿಗೆ ಮುಗಿಯಿತು. ಆ ಜಾಗಕ್ಕೆ ಮಕ್ಕಳೇ ಹೆಸರಿಡಲಿ. ಒಂದು ಚಾಪೆ, ಒಂದು ದಿಂಬು, ರಾಗಿ ತುಂಬಿ ಹೊಲಿದ ಅಂಗೈಯಗಲದ ಬಟ್ಟೆ ಚೀಲ ಹಿಸುಕುವುದಕ್ಕೆ, ಮುಚ್ಚಳ ಭದ್ರವಾಗಿ ಅಂಟಿಸಿದ ಬಾಟಲಿಯಲ್ಲಿ ನೀರು, ಬಣ್ಣ, ಮಿನುಗು. ಮೊದಲ ವಾರ ಎಲ್ಲ ಮಕ್ಕಳೂ ಖುಷಿಯಾಗಿರುವಾಗಲೇ ಸರದಿಯಲ್ಲಿ ಹೋಗಿ ಕೂತು ನೋಡಲಿ. ಇಲ್ಲದಿದ್ದರೆ ಬಾಟಲಿ ನೋಡುವ ಆಸೆಗೇ ಜಗಳ ತೆಗೆಯುತ್ತಾರೆ. ಮಗು ಅಲ್ಲಿ ಕೂರುವುದು ಬಾಟಲಿಯ ಮಿನುಗು ಕೆಳಗಿಳಿಯುವವರೆಗೆ, ಎರಡು ಸಲ ಅಲ್ಲಾಡಿಸಬಹುದು. ಕಷ್ಟದ ಲೆಕ್ಕ ಬಂದಾಗಲೆಲ್ಲ ಒಂದು ಮಗು ಅಲ್ಲಿಗೆ ಓಡುತ್ತಿದ್ದರೆ ಮೂಲೆಯನ್ನು ಮುಚ್ಚಬೇಡಿ, ಲೆಕ್ಕದ ಕಾರ್ಡ್ ಒಂದು ಮೆಟ್ಟಿಲು ಕೆಳಗಿನದು ಕೊಟ್ಟು ನೋಡಿ.

ಕಚ್ಚುವುದು: ಯಾವ ಹೊತ್ತಲ್ಲಿ, ಯಾರ ಹತ್ತಿರ, ಏನಾದ ಮೇಲೆ ಅಂತ ಐದು ದಿನ ಬರೆದಿಡಿ. ಬಹಳ ಸಲ ಊಟಕ್ಕೆ ಮುಂಚಿನ ಅರ್ಧ ಗಂಟೆಯೋ ಇಕ್ಕಟ್ಟಿನ ಸಾಲೋ ಅದರಲ್ಲಿ ಕಾಣುತ್ತದೆ. ಬೆಳಿಗ್ಗೆ ಏನೂ ತಿನ್ನದೆ ಬಂದ ಮಗು ಹಸಿವನ್ನು ಸಿಟ್ಟು ಅಂತಲೇ ತೋರಿಸುತ್ತದೆ.

ಕರಾವಳಿ_ಟೀಚರ್

ಬಾಯೇ ಬಿಡದ ಮಗುವಿನ ಬಗ್ಗೆ. ಮೊದಲು ಕಿವಿ ಪರೀಕ್ಷೆ ಆಗಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಹೆಸರು ಕೊಡಿ, ಅವರು ಬರುವುದು ತಡವಾದರೆ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಮನೆಯಲ್ಲಿ ಚೆನ್ನಾಗಿ ಮಾತಾಡುತ್ತದೆಯೇ ಎಂದು ತಾಯಿಯನ್ನು ಕೇಳಿ. ಶಾಲೆಗೆ ಸೇರಿದ ಮೊದಲ ತಿಂಗಳು ಮೌನ ಸಹಜ, ಹೊಸ ಭಾಷೆಯಾದರೆ ಇನ್ನೂ ಹೆಚ್ಚು ದಿನ. ಅದು ಕಳೆದ ಮೇಲೂ ಮನೆಯಲ್ಲಿ ಹರಳು ಹುರಿದಂತೆ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಒಂದು ಮಾತೂ ಆಡದಿದ್ದರೆ ತಜ್ಞರಿಗೆ ತೋರಿಸಬೇಕು, ಅದು ಹಟ ಅಲ್ಲ.

ಅಲ್ಲಿವರೆಗೆ "ಮಾತಾಡು, ಮಾತಾಡು" ಎಂದು ಪೀಡಿಸಬೇಡಿ, ಮಿಠಾಯಿ ಆಸೆ ತೋರಿಸಬೇಡಿ, ಒಂದು ಶಬ್ದ ಆಡಿದ ದಿನ ಚಪ್ಪಾಳೆ ಹೊಡೆಸಬೇಡಿ. ಚೀಟಿ, ತಲೆಯಾಡಿಸುವುದು, ಬೆರಳು ತೋರಿಸುವುದು ಎಲ್ಲವೂ ಉತ್ತರವೇ. ಒಬ್ಬ ಗೆಳತಿಯ ಜೊತೆ ಹಾಲಿನ ಲೋಟ ಹಂಚುವ ಕೆಲಸ ಕೊಡಿ. ಮೊದಲ ಮಾತು ಹೊರಬರುವುದು ಬಹಳ ಸಲ ಇಂಥ ಕೆಲಸದ ನಡುವೆ, ಯಾರೂ ಕಾಯುತ್ತಿಲ್ಲದಾಗ.

ಕ್ಲಸ್ಟರ್_ಕೆಲಸ

ನಕ್ಷತ್ರದ ಚಾರ್ಟ್ ಬಗ್ಗೆ ಒಂದು ಮಾತು. ಹಂಚಿಕೊಂಡವರಿಗೆ ಸ್ಟಾರ್, ತಳ್ಳಿದವರಿಗೆ ಕಪ್ಪು ಚುಕ್ಕಿ – ದಯವಿಟ್ಟು ಬೇಡ. ಟೀಚರ್ ನೋಡುವಾಗ ಮಾತ್ರ ಹಂಚಿಕೊಳ್ಳುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ, ಕಪ್ಪು ಚುಕ್ಕಿಯ ಮಗುವನ್ನು ಉಳಿದವರು ಇನ್ನಷ್ಟು ದೂರ ಇಡುತ್ತಾರೆ. "ಜಾಣೆ", "ಗುಡ್ ಬಾಯ್" ಬದಲು ನಡೆದದ್ದನ್ನು ಹೇಳಿ: "ನೀನು ಸರಿದು ಜಾಗ ಬಿಟ್ಟೆ, ಅವಳಿಗೆ ಕೂರೋಕಾಯ್ತು."

ದಾಖಲೆ: ಅಂಕ ಬೇಡ, ಗ್ರೇಡ್ ಬೇಡ. ಒಂದು ಪುಸ್ತಕದಲ್ಲಿ ಮಗುವಿಗೊಂದು ಪುಟ. ದಿನಕ್ಕೆ 3 ಮಕ್ಕಳನ್ನು ನೋಡಿ ಒಂದೊಂದು ಸಾಲು ಬರೆದರೆ 28 ಮಕ್ಕಳ ಸರದಿ 10 ಶಾಲಾದಿನಕ್ಕೆ ಒಮ್ಮೆ ಬರುತ್ತದೆ. ಗುಣ ಬರೆಯಬೇಡಿ, ನಡೆದದ್ದನ್ನು ಬರೆಯಿರಿ. "ಒರಟು ಹುಡುಗ" ಅಂತ ಬರೆದರೆ ಮುಂದಿನ ವರ್ಷದ ಶಿಕ್ಷಕರು ಒರಟು ಹುಡುಗನನ್ನೇ ಹುಡುಕುತ್ತಾರೆ. "ಹಾಲಿನ ಸಾಲಲ್ಲಿ ಎರಡು ಸಲ ತಳ್ಳಿದ, ಮೂರನೇ ಸಲ ಹೆಸರು ಕರೆದಾಗ ನಿಂತ" ಅಂತ ಬರೆದರೆ ಮುಂದೆ ಏನು ಮಾಡಬೇಕು ಅನ್ನುವುದೂ ಅದರಲ್ಲೇ ಇರುತ್ತದೆ.

ಹೊಸಬರು_22

ಪೋಷಕರೇ ಬಂದು "ನಾಲ್ಕು ಬಾರಿಸಿ ಸರ್, ಆಗ ಬುದ್ಧಿ ಬರುತ್ತೆ" ಅಂದರೆ? "ಗಂಡು ಹುಡುಗ ಅಳಬಾರದು" ಅಂದರೆ?

ತಟ್ಟೆ_ಐದು

ಮೊದಲನೆಯದಕ್ಕೆ ಉತ್ತರ ಕಾನೂನಿನಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಪೋಷಕರು ಅನುಮತಿ ಕೊಟ್ಟರೂ ಅದು ಬದಲಾಗುವುದಿಲ್ಲ. ಆದರೆ ಪೋಷಕರ ಮುಂದೆ ಕಲಂ ಓದಬೇಡಿ. "ಹೊಡೆದ್ರೆ ನನ್ನ ಎದುರು ಸುಮ್ಮನಿರ್ತಾನೆ ಅಣ್ಣ, ದಾರಿಯಲ್ಲಿ ತನಗಿಂತ ಚಿಕ್ಕವರಿಗೆ ಹೊಡೀತಾನೆ" ಅನ್ನಿ, ಅದು ಅವರು ಕಣ್ಣಾರೆ ಕಂಡದ್ದೇ.

ಅಳುವ ಗಂಡುಮಕ್ಕಳ ಬಗ್ಗೆ ತಂದೆಯರೊಂದಿಗೆ ವಾದ ಬೇಡ. ಕೋಣೆಯಲ್ಲಿ ಹುಡುಗ ಅತ್ತಾಗ ಯಾರೂ ನಗದಂತೆ ನೋಡಿಕೊಳ್ಳಿ. "ಹುಡುಗಿ ಥರ ಅಳ್ತಾನೆ" ಅನ್ನುವ ಮಾತು ಬಂದರೆ ಅಲ್ಲೇ ನಿಲ್ಲಿಸಿ.

ಆಪ್ತಸಲಹೆ

ವೃತ್ತ ಶುರು ಮಾಡುವ ಮೊದಲೇ ಗೊತ್ತಿರಬೇಕಾದದ್ದು ಒಂದಿದೆ. ಮಾತಾಡಲು ಜಾಗ ಕೊಟ್ಟರೆ ಒಂದು ದಿನ ಯಾವುದೋ ಮಗು ದೊಡ್ಡ ವಿಷಯವನ್ನೇ ಹೇಳಬಹುದು: ಮನೆಯಲ್ಲಿ ಹೊಡೆತ, ಯಾರೋ ಮೈ ಮುಟ್ಟಿದ್ದು. ಎಲ್ಲರೆದುರು ಶುರುವಾದರೆ, "ಇದನ್ನ ನನಗೆ ಹೇಳಿದ್ದು ಒಳ್ಳೇದಾಯ್ತು, ಈಗಲೇ ನಾವಿಬ್ಬರೇ ಮಾತಾಡೋಣ" ಅಂತ ಮೆಲ್ಲಗೆ ಪಕ್ಕಕ್ಕೆ ಕರೆದುಕೊಳ್ಳಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಬಗೆದು ಬಗೆದು ಕೇಳಬೇಡಿ, ನೀವು ಮಾತು ತುಂಬಬೇಡಿ. ಮಗು ಆಡಿದ ಮಾತನ್ನು ಅದರ ಶಬ್ದಗಳಲ್ಲೇ ಅವತ್ತೇ ಬರೆದಿಡಿ, ದಿನಾಂಕ, ಸಮಯ ಸಮೇತ. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಗೊತ್ತಾದವರೆಲ್ಲರ ಕರ್ತವ್ಯ, ತಿಳಿಸದೆ ಮುಚ್ಚಿಡುವುದು ಅಪರಾಧ. ಮುಖ್ಯ ಶಿಕ್ಷಕರಿಗೆ ಹೇಳಿದೆ, ನನ್ನ ಕೆಲಸ ಮುಗಿಯಿತು ಅನ್ನುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ. ಈ ಅಂಕಿಯನ್ನು ಮಕ್ಕಳಿಗೂ ಲೆಕ್ಕದ ಪಾಠದಲ್ಲೇ ಹೇಳಿಕೊಡಬಹುದು: ಹತ್ತು, ಒಂಬತ್ತು, ಎಂಟು.

ಸ್ಲೇಟು_ಬಳಪ

ಎಲ್ಲರಿಗೂ ಧನ್ಯವಾದ. ಹಾಗಾದರೆ ಜೇಬು, ಮಾತಿನ ಕಲ್ಲು, ಕೆರೆ-ದಡ, ಸಾರಿನ ಬಟ್ಟಲು, ಬಣ್ಣದ ಚೀಟಿ, ಶಾಂತಿ ಮೂಲೆ, ಎಲ್ಲವನ್ನೂ ಜೂನ್‌ನಲ್ಲೇ ಶುರು ಮಾಡಲೇ?

ತಟ್ಟೆ_ಐದು

ಬೇಡ ಮೇಡಂ, ಎಲ್ಲ ಒಟ್ಟಿಗೆ ಶುರುವಾದರೆ ಜುಲೈ ಹೊತ್ತಿಗೆ ಒಂದೂ ಉಳಿಯುವುದಿಲ್ಲ. ಮೊದಲ ಎರಡು ವಾರ ವೃತ್ತ, ಕೆರೆ-ದಡ, ಊಟದ ಬಣ್ಣದ ಚೀಟಿ ಮಾತ್ರ. ಮೂರನೇ ವಾರ ಜೇಬು, ಅದೂ ಖುಷಿ ಮತ್ತು ಬೇಜಾರು ಎರಡೇ, ಒಂದು ವಾರ ಬಿಟ್ಟು ಉಳಿದೆರಡು. ಮಾತಿನ ಕಲ್ಲಿಗೆ ಜಗಳ ಬೀಳುವವರೆಗೆ ಕಾಯಬೇಡಿ, ಐದನೇ ವಾರ ಗೊಂಬೆಗಳ ಜಗಳದಲ್ಲಿ ಬಳಸಿ ತೋರಿಸಿ. ಸಾರಿನ ಬಟ್ಟಲು ಜುಲೈ ಮಧ್ಯಕ್ಕೆ. ಮೂಲೆ ಆಗಸ್ಟ್‌ಗೆ.

ಮತ್ತೆ, ಶಾಲೆಗೆ ಬಾರದ ಮಗುವಿನ ಚೀಟಿಯನ್ನು ಕೆಳಗೆ ಇಡಬೇಡಿ. ಐದನೆಯ ಒಂದು ಜೇಬು ಹೊಲಿಸಿ, "ಕಾಯ್ತಾ ಇದ್ದೀವಿ" ಅಂತ ಬರೆಯಿರಿ. ಮಗು ಜ್ವರ ಬಿಟ್ಟು ಮೂರು ದಿನದ ಮೇಲೆ ಬಂದಾಗ ಮೊದಲು ನೋಡುವುದು ತನ್ನ ಚೀಟಿ ಎಲ್ಲಿದೆ ಅಂತ.